ಮಾಯದ ಗಾಯ ಮತ್ತು ಮೂಳೆಯ ಮಜ್ಜೆ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಮಳೆಗಾಲದಲ್ಲಿ ಮಾಟುಂಗದ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದಿನವಿಡೀ ನಿಂತು ದುಡಿಯುವ, ಡೊಂಬಿವಲಿಯಿಂದ ಲೋಕಲ್ ಹಿಡಿದು ಕೆಲಸಕ್ಕೆ ಓಡುವ ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಇರುವವರ ಕಾಲುಗಳನ್ನು ಒಮ್ಮೆ ಗಮನಿಸಬೇಕು. ಒದ್ದೆ ಚಪ್ಪಲಿಯ ಪಟ್ಟಿ ಉಜ್ಜಿ ಕಿರುಬೆರಳ ಬದಿಯಲ್ಲಿ ಸುಲಿದ ಚರ್ಮ ಉಳಿದವರಲ್ಲಿ ಬೇಗನೆ ಮಾಯುತ್ತದೆ; ಇವರಲ್ಲಿ ತಿಂಗಳಾದರೂ ಹಸಿಯಾಗಿಯೇ ಉಳಿಯಬಹುದು. ರಕ್ತಸಂಚಾರ ಕುಂದಿರುವುದು, ಸೋಂಕು ತಗಲಿರುವುದು ಎಂಬ ಕಾರಣಗಳನ್ನು ನಾವೆಲ್ಲ ಕೇಳಿದ್ದೇವೆ, ಅವು ನಿಜವೂ ಹೌದು. ಆದರೆ ಗಾಯದಿಂದ ಬಹುದೂರದಲ್ಲಿ, ಮೂಳೆಯೊಳಗಿನ ಮಜ್ಜೆಯಲ್ಲಿ ಇನ್ನೊಂದು ಕಾರಣ ಅಡಗಿದೆ. ಅದರ ಬಗ್ಗೆ ರೋಗಿಗಳಿಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ಕೊರಗು.

ಮಜ್ಜೆ ರಕ್ತಕಣಗಳ ತವರು. ಅಲ್ಲಿನ ಕೆಲವು ಆಕರಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು (ಸ್ಟೆಮ್ ಸೆಲ್), ದೇಹಕ್ಕೆ ಪೆಟ್ಟಾದಾಗ ರಕ್ತಕ್ಕಿಳಿದು, ಪೆಟ್ಟಾದ ಜಾಗವನ್ನು ಸೇರಿ, ಹೊಸ ರಕ್ತನಾಳಗಳು ಚಿಗುರಲು ನೆರವಾಗುತ್ತವೆ. ಈ ಸಂಚಾರವನ್ನು ನಿರ್ದೇಶಿಸುವವುಗಳಲ್ಲಿ ಸಿಎಕ್ಸ್‌ಸಿಎಲ್-12 ಎಂಬ ಪ್ರೋಟೀನು ಮುಖ್ಯವಾದದ್ದು. ಅದು ಮಜ್ಜೆಯಲ್ಲಿ ಹೆಚ್ಚಾಗಿರುವವರೆಗೆ ಕೋಶಗಳು ಅಲ್ಲೇ ನೆಲೆನಿಲ್ಲುತ್ತವೆ. ಅಲ್ಲಿ ತಗ್ಗಿ ಗಾಯದ ಬಳಿ ಏರಿದಾಗ ಹೊರಡುತ್ತವೆ. ಮಜ್ಜೆಯಲ್ಲಿ ಅದು ತಗ್ಗಬೇಕಾದರೆ ನಮ್ಮ ಇಚ್ಛೆಗೆ ಕಾಯದೆ ತಾವಾಗಿಯೇ ಕೆಲಸಮಾಡುವ ಸಿಂಪಥೆಟಿಕ್ ನರಗಳ ಸೂಚನೆ ಬೇಕು. ದೀರ್ಘಕಾಲ ಏರಿಯೇ ಇರುವ ಸಕ್ಕರೆ ಪಾದದ ನರಗಳನ್ನು ಕೆಡಿಸಿ ಜೋಮು ಹಿಡಿಸುವಂತೆಯೇ ಮಜ್ಜೆಯ ನರಗಳನ್ನೂ ಕೆಡಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಧುಮೇಹದ ಇಲಿಗಳ ಮಜ್ಜೆ, ಕೋಶಗಳನ್ನು ಹೊರಡಿಸುವ ಔಷಧ ಕೊಟ್ಟಾಗಲೂ ಈ ಪ್ರೋಟೀನನ್ನು ತಗ್ಗಿಸಲಿಲ್ಲ. ಮಧುಮೇಹವಿದ್ದ ರೋಗಿಗಳಲ್ಲಿಯೂ ರಕ್ತಕ್ಕಿಳಿದ ಆಕರಕೋಶಗಳು ಕಡಿಮೆಯಾಗಿದ್ದವು. ಅದಕ್ಕೂ ಮೊದಲು, 2007ರ ಅಮೆರಿಕದ ಅಧ್ಯಯನವೊಂದು, ಮಧುಮೇಹದ ಇಲಿಗಳ ಮಜ್ಜೆಯಲ್ಲಿ ಕೋಶಗಳ ಬಿಡುಗಡೆಗೆ ಬೇಕಾದ ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವ ಸರಿಯಾಗಿ ಚುರುಕಾಗುವುದಿಲ್ಲವೆಂದೂ, ಗಾಯದಲ್ಲಿಯೂ ಸಿಎಕ್ಸ್‌ಸಿಎಲ್-12 ಕಡಿಮೆಯಿರುತ್ತದೆಂದೂ ತೋರಿಸಿತ್ತು. ಹೊರಡುವಲ್ಲಿಯೂ ತೊಡಕು, ತಲುಪುವಲ್ಲಿಯೂ ತೊಡಕು.

ಹಾಗೆಂದು ಮಜ್ಜೆ ಸುಮ್ಮನಿರುತ್ತದೆ ಎಂದುಕೊಳ್ಳಬಾರದು. ದುರಸ್ತಿಗೆ ಬೇಕಾದವುಗಳನ್ನು ತಡೆಹಿಡಿಯುವ ಅದೇ ಕಾಯಿಲೆ, ಉರಿಯೂತ ಹೆಚ್ಚಿಸುವ ಬಿಳಿರಕ್ತಕಣಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಹುಟ್ಟಿಸಿ ಹೊರಗೆ ಕಳಿಸುತ್ತದೆ. ನನಗೆ ಎಲ್ಲಕ್ಕಿಂತ ಆತಂಕದ ಸಂಗತಿಯಾಗಿ ಕಾಣುವುದು ಇದೇ, ಏಕೆಂದರೆ ಈ ಕಣಗಳು ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಡ್ಡೆಗಳು ಕರಗದಂತೆ ಮಾಡುತ್ತವೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧದಿಂದ ಇಲಿಗಳ ರಕ್ತದ ಸಕ್ಕರೆಯನ್ನು ಇಳಿಸಿದಾಗ ಈ ಅತಿಯುತ್ಪಾದನೆ ತಗ್ಗಿದ್ದನ್ನು 2013ರ ಸಂಶೋಧನೆಯೊಂದು ದಾಖಲಿಸಿದೆ.

ಪ್ಲೆರಿಕ್ಸಾಫೋರ್ ಎಂಬ ಔಷಧ ಮಜ್ಜೆಯ ಹಿಡಿತವನ್ನು ಸಡಿಲಿಸಬಲ್ಲದು. ಮಧುಮೇಹದ ಇಲಿಗಳಲ್ಲಿಯೂ ಅದು ಕೆಲಸಮಾಡಿದೆ. ಆದರೆ ಅಮೆರಿಕದಲ್ಲಿ 2008ರಲ್ಲಿ ಅದಕ್ಕೆ ಅನುಮತಿ ದೊರೆತದ್ದು ಕೆಲವು ರಕ್ತಸಂಬಂಧಿ ಕ್ಯಾನ್ಸರ್ ರೋಗಿಗಳಿಂದ ಆಕರಕೋಶ ಸಂಗ್ರಹಿಸುವುದಕ್ಕೇ ಹೊರತು ಕಾಲಿನ ಹುಣ್ಣಿಗಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಕೇಳುಗರು ಕೆಲಸ ಮುಗಿಸಿ ಮನೆಗೆ ಬಂದಮೇಲೆ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಸಣ್ಣ ಗೀರು ಕಂಡರೂ, ನೋವಿಲ್ಲವೆಂದು ಕಾಯದೆ, ವೈದ್ಯರಿಗೆ ತೋರಿಸಿ ಸಕ್ಕರೆಯ ಪ್ರಮಾಣವನ್ನೂ ಪರೀಕ್ಷಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.