ಆಯ್ಲರ್ ಊಹೆಯನ್ನು ಉರುಳಿಸಿದ ಮೇಷ್ಟ್ರು

ಕೇಳುಗರಿಗೆಲ್ಲ ನಮಸ್ಕಾರ. ಪೆನ್ನು, ಕಾಗದ ಕೈಗೆ ಸಿಗುವಂತಿದ್ದರೆ ತಗೊಳ್ಳಿ. ಮೂರು ಸಾಲು ಹಾಕಿ, ಸಾಲಿಗೆ ಮೂರು ಮನೆ. ಮೊದಲ ಸಾಲಲ್ಲಿ ಅ1, ಆ2, ಇ3. ಎರಡನೆಯದರಲ್ಲಿ ಆ3, ಇ1, ಅ2. ಮೂರನೆಯದರಲ್ಲಿ ಇ2, ಅ3, ಆ1. ಈಗ ನೋಡಿ, ಅಡ್ಡ ಓದಿದರೂ ಉದ್ದ ಓದಿದರೂ ಒಂದು ಅಕ್ಷರವಾಗಲಿ ಅಂಕಿಯಾಗಲಿ ಎರಡು ಸಲ ಬರೋದಿಲ್ಲ, ಅಕ್ಷರ-ಅಂಕಿಯ ಒಂಬತ್ತು ಜೋಡಿಯೂ ಬೇರೆ ಬೇರೆ. ಚೆನ್ನಾಗಿದೆ ಅಲ್ವಾ?

ಮೂರರ ಬದಲು ಆರು ಇಟ್ಟರೆ? 1782ರಲ್ಲಿ ಹೆಸರಾಂತ ಗಣಿತಜ್ಞ ಆಯ್ಲರ್ ಇದನ್ನೇ ಕೇಳಿದರು. ಆರಕ್ಕೆ ಆಗೋದಿಲ್ಲ, 10, 14, 18 ಹೀಗೆ ಮುಂದಿನವಕ್ಕೂ ಆಗೋದಿಲ್ಲ ಅಂತ ಊಹಿಸಿದರು. ಆರರ ಮಟ್ಟಿಗೆ ಅದು ನಿಜ. ಉಳಿದದ್ದನ್ನು 177 ವರ್ಷ ಯಾರಿಗೂ ಅಲುಗಾಡಿಸಲು ಆಗಲಿಲ್ಲ.

ಕೊನೆಗೆ ಅದನ್ನು ಉರುಳಿಸಿದ ಮೂವರಲ್ಲಿ ಒಬ್ಬರು ಎಸ್. ಎಸ್. ಶ್ರೀಖಂಡೆ. 1917ರಲ್ಲಿ ಮಧ್ಯಪ್ರದೇಶದ ಸಾಗರದಲ್ಲಿ ಹುಟ್ಟಿದವರು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಆರ್. ಸಿ. ಬೋಸ್ ಅವರ ಮಾರ್ಗದರ್ಶನದಲ್ಲಿ 1950ರಲ್ಲಿ ಪಿಎಚ್‌ಡಿ ಮಾಡಿದರು. 1959ರಲ್ಲಿ ಗುರು-ಶಿಷ್ಯರು ಸೇರಿ 22ರ ಚೌಕ ಕಟ್ಟಿದರು, ಮೂರನೆಯವರಾದ ಅಮೆರಿಕದ ಗಣಿತಜ್ಞ ಪಾರ್ಕರ್ 10ರದ್ದನ್ನು ಕಟ್ಟಿದರು, ಆಮೇಲೆ ಮೂವರೂ ಕೂಡಿ 2 ಮತ್ತು 6 ಬಿಟ್ಟು ಎಲ್ಲಕ್ಕೂ ಆಗುತ್ತದೆ ಅಂತ ಸಾಧಿಸಿಯೇಬಿಟ್ಟರು. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ ಬಂತು. ಗಣಿತಕ್ಕೆ ಮುಖಪುಟ ಸಿಗೋದು ಅಪರೂಪ.

ಇದು ಸುಮ್ನೆ ಒಗಟಲ್ಲ. ಬೇರೆ ಬೇರೆ ತಳಿ ಬಿತ್ತಿ ಹೋಲಿಸುವಾಗ ಹೊಲದ ಒಂದು ಬದಿ ಫಲವತ್ತು, ಇನ್ನೊಂದು ಬದಿ ಬರಡು ಇರುತ್ತೆ. ಪ್ರತಿ ತಳಿಯೂ ಪ್ರತಿ ಸಾಲಲ್ಲಿ ಒಂದೊಂದು ಸಲ ಬರುವಂತೆ ಬಿತ್ತಿದರೆ ಯಾವ ತಳಿಗೂ ಅನ್ಯಾಯ ಆಗೋದಿಲ್ಲ. ಬೋಸ್ ಕೂಡ ಕೋಲ್ಕತ್ತದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ ಈ ದಾರಿಯಿಂದಲೇ ಚೌಕಗಳ ಗಣಿತಕ್ಕೆ ಬಂದವರು.

ಅಷ್ಟು ಹೆಸರು ಬಂದ ಮೇಲೆ ಶ್ರೀಖಂಡೆ ಏನು ಮಾಡಿದರು ಅನ್ನೋದೇ ನನಗೆ ಜಾಸ್ತಿ ಹಿಡಿಸುತ್ತದೆ. ಭಾರತಕ್ಕೆ ಬಂದು ಬನಾರಸ್‌ನಲ್ಲಿ ಪಾಠ ಮಾಡಿದರು. 1963ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮೊದಲ ಮುಖ್ಯಸ್ಥರಾದರು, 1978ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಬೆಳೆಸಿದರು. ಒಂದು ಪ್ರಮೇಯ ಸಾಧಿಸಿದರೆ ಹೆಸರು ಉಳಿಯುತ್ತದೆ ನಿಜ, ಆದರೆ ಒಂದು ವಿಭಾಗ ಕಟ್ಟೋದು ವರ್ಷಗಟ್ಟಲೆ ಪಾಠ, ಮಾರ್ಗದರ್ಶನ, ಆಡಳಿತ ಎಲ್ಲ ಬೇಡುವ ಕೆಲಸ, ಅದಕ್ಕೆ ಯಾವ ಮುಖಪುಟವೂ ಸಿಗೋದಿಲ್ಲ.

ಕಾಂಬಿನೆಟೋರಿಕ್ಸ್, ಅಂದರೆ ಹೀಗೆ ಜೋಡಿಸೋದು, ಎಣಿಸೋದರ ಗಣಿತ, ಕಲಿಸೋದಕ್ಕೂ ಒಳ್ಳೆಯ ವಿಷಯ. ಶ್ರೀಖಂಡೆ ಗ್ರಾಫ್ ತಗೊಳ್ಳಿ: 16 ಬಿಂದು, ಪ್ರತಿ ಬಿಂದುವಿನಿಂದ 6 ಗೆರೆ, ಯಾವ ಎರಡು ಬಿಂದು ಹಿಡಿದರೂ ಆ ಎರಡಕ್ಕೂ ಗೆರೆಯಿಂದ ಸೇರಿದ ಬಿಂದುಗಳು ಸರಿಯಾಗಿ ಎರಡೇ. ವಿದ್ಯಾರ್ಥಿ ಅದನ್ನು ತಾನೇ ಬಿಡಿಸಿ, ಎಣಿಸಿ ನೋಡಬಹುದು. ಮೇಷ್ಟ್ರ ಮಾತನ್ನು ನಂಬಿಕೊಂಡು ಕೂರಬೇಕಾಗಿಲ್ಲ.

2020ರಲ್ಲಿ, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ವಿಷಯದಲ್ಲಿ ಕೆಲಸ ಇನ್ನೂ ಬಾಕಿ ಇದೆ. ಅಕ್ಷರದ್ದೊಂದು ಚೌಕ, ಅಂಕಿಯದ್ದೊಂದು ಚೌಕ ಅಂತ ನೋಡಿದರೆ, 10ಕ್ಕೆ ಒಂದಕ್ಕೊಂದು ಹೀಗೆ ಹೊಂದುವ ಎರಡು ಚೌಕ ಸಿಕ್ಕಿವೆ. ಮೂರು ಇವೆಯೋ ಇಲ್ಲವೋ ಅನ್ನೋದನ್ನು ಕಂಪ್ಯೂಟರ್ ಇಟ್ಟುಕೊಂಡೂ ಇವತ್ತಿನವರೆಗೆ ಯಾರೂ ತೀರ್ಮಾನಿಸಿಲ್ಲ. ನಮಸ್ಕಾರ.