ಥೀಸಿಸ್ ಮುಗಿಯಿತು, ಕಂಪನಿ ಕಟ್ಟಬೇಕೆ?

ಕೇಳುಗರಿಗೆ ನಮಸ್ಕಾರ.

ಪಿಎಚ್‌ಡಿ ಮುಗಿಸಿದವರು, ಆಮೇಲೆ ತಾತ್ಕಾಲಿಕ ಸಂಶೋಧಕರಾಗಿ, ಅಂದರೆ ಪೋಸ್ಟ್‌ಡಾಕ್ ಆಗಿರುವವರು ತಮ್ಮ ಸಂಶೋಧನೆಯನ್ನು ಉದ್ಯಮವಾಗಿಸಲು ಹೊರಟಾಗ ಮೊದಲು ಕೇಳುವುದು ಬಂಡವಾಳ ಎಲ್ಲಿ ಸಿಗುತ್ತದೆ ಎಂದು. ಅವರಿಗೆ ನೆರವಾಗಲು ಮುಂದೆ ಬಂದವರೂ ಬಹಳ ಸಲ ಅಲ್ಲಿಂದಲೇ ಶುರು ಮಾಡುತ್ತಾರೆ. ಹೂಡಿಕೆದಾರರ ಮುಂದೆ ಹತ್ತು ನಿಮಿಷ ಮಾತಾಡುವ ತರಬೇತಿ, ಸ್ಲೈಡು, ಸ್ಪರ್ಧೆ, ಬಹುಮಾನ. ಇದು ತಿರುಗಾಮುರುಗಾ ಆದ ಕ್ರಮ. ದುಡ್ಡು ಬರುವ ಮೊದಲೇ ಇತ್ಯರ್ಥ ಆಗಬೇಕಾದ ಸಂಗತಿಗಳು ಬೇರೆ ಇವೆ. ಅವನ್ನು ಮುಂದಕ್ಕೆ ಹಾಕಿದಷ್ಟೂ ಆಮೇಲೆ ಬಿಡಿಸಿಕೊಳ್ಳುವ ಖರ್ಚು ಹೆಚ್ಚು.

ಮೊದಲು ಒಡೆತನದ ಮಾತು. ರಾತ್ರಿ ಹಗಲು ಪ್ರಯೋಗ ಮಾಡಿದ್ದು ನಾನು, ಆದ್ದರಿಂದ ಇದು ನನ್ನದು ಎಂದು ಸಂಶೋಧಕರಿಗೆ ಅನ್ನಿಸುವುದು ಸಹಜ. ಕಾಗದಪತ್ರ ಬೇರೆಯೇ ಹೇಳುತ್ತದೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬಂದ ಮೇಲೆ, ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳು ತಮ್ಮ ಬಳಿ ಉಳಿಸಿಕೊಳ್ಳಬಹುದು ಎಂದಾಯಿತು. ಜರ್ಮನಿಯಲ್ಲಿ ಪ್ರಾಧ್ಯಾಪಕರಿಗೇ ಇದ್ದ ಹಕ್ಕು 2002ರಲ್ಲಿ ಸಂಸ್ಥೆಗಳ ಕಡೆಗೆ ಹೋಯಿತು. ಒಂದೇ ಪ್ರಯೋಗಾಲಯದೊಳಗೂ ವಿದ್ಯಾರ್ಥಿವೇತನದ ಮೇಲಿರುವ ಪಿಎಚ್‌ಡಿ ವಿದ್ಯಾರ್ಥಿಗೆ ಒಂದು ನಿಯಮ, ಸಂಬಳ ಪಡೆಯುವ ಪೋಸ್ಟ್‌ಡಾಕ್‌ಗೆ ಇನ್ನೊಂದು, ಆರು ತಿಂಗಳಿಗೆಂದು ಬಂದುಹೋದ ಅತಿಥಿ ಸಂಶೋಧಕರಿಗೆ ಮತ್ತೊಂದು ಇರಬಹುದು.

ಹಾಗಾಗಿ ನೆರವಾಗುವವರು ಮೊದಲ ಭೇಟಿಯಲ್ಲೇ ಒಂದು ಹಾಳೆ ಬರೆಸಬೇಕು. ಈ ಕೆಲಸಕ್ಕೆ ಕೈ ಹಾಕಿದವರೆಲ್ಲರ ಹೆಸರು, ಆಗ ಅವರು ಯಾರ ಸಂಬಳದಲ್ಲಿದ್ದರು, ಯಾವ ಯೋಜನೆಯ ಹಣ ಬಳಕೆಯಾಯಿತು, ಹೊರಗಿನಿಂದ ತಂದ ವಸ್ತು ಯಾವುದು. ಕೊನೆಯದನ್ನು ಜನ ಮರೆಯುತ್ತಾರೆ. ಬೇರೆ ಪ್ರಯೋಗಾಲಯದವರು ಕೊಟ್ಟ ಜೀವಕೋಶವೋ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವೋ 'ಸಂಶೋಧನೆಗೆ ಮಾತ್ರ' ಎಂಬ ಷರತ್ತಿನ ಮೇಲೆ ಬಂದಿದ್ದರೆ ಅದನ್ನಿಟ್ಟುಕೊಂಡು ವ್ಯಾಪಾರ ಮಾಡುವಂತಿಲ್ಲ. ಇದು ಮೊದಲ ವಾರದಲ್ಲೇ ತಿಳಿದರೆ ಒಂದು ಪತ್ರದಲ್ಲಿ ಬಗೆಹರಿಯಬಹುದು. ಹೂಡಿಕೆದಾರರ ವಕೀಲರು ಕಂಡುಹಿಡಿದರೆ ಮಾತುಕತೆಯೇ ನಿಂತುಹೋಗುತ್ತದೆ. ಇನ್ನೊಂದು ಗೊಂದಲ, ಲೇಖನದ ಸಹಲೇಖಕರನ್ನೆಲ್ಲ ಪೇಟೆಂಟಿನಲ್ಲಿ ಆವಿಷ್ಕಾರಕರೆಂದು ಬರೆಯುವುದು. ಪೇಟೆಂಟ್ ಕೇಳುವ ಅಂಶಕ್ಕೆ ಬುದ್ಧಿ ಓಡಿಸಿದವರು ಮಾತ್ರ ಆವಿಷ್ಕಾರಕರು. ಹೇಳಿದಂತೆ ಅಳತೆ ತೆಗೆದುಕೊಟ್ಟವರು ಲೇಖನದಲ್ಲಿ ಇರಬಹುದು, ಪೇಟೆಂಟಿನಲ್ಲಿ ಇರುವಂತಿಲ್ಲ. ಮರ್ಯಾದೆಗೆಂದು ಹೆಸರು ಸೇರಿಸಿದರೆ ಪೇಟೆಂಟೇ ಬಿದ್ದುಹೋಗುವ ಅಪಾಯ ಕೆಲವು ದೇಶಗಳಲ್ಲಿದೆ.

ಇದರ ಬೆನ್ನಿಗೇ ಬರುವುದು ಬಾಯಿ ಬಿಡುವ ಸಮಯದ ಪ್ರಶ್ನೆ. ಪೋಸ್ಟರ್, ಸಮ್ಮೇಳನದ ಸಾರಾಂಶ, ಪತ್ರಿಕೆಯಲ್ಲಿ ಬರುವ ಮೊದಲೇ ಜಾಲತಾಣಕ್ಕೆ ಹಾಕುವ ಪ್ರಿಪ್ರಿಂಟ್, ಗ್ರಂಥಾಲಯದ ಜಾಲತಾಣಕ್ಕೆ ಏರಿದ ಥೀಸಿಸ್, ಇವೆಲ್ಲ ಪ್ರಕಟಣೆಯೇ. ಯುರೋಪಿನಲ್ಲಿ ಹೀಗೆ ಪ್ರಕಟವಾದ ಮೇಲೆ ಅರ್ಜಿ ಹಾಕಿದರೆ ಹೊಸತನ ಹೋಯಿತೆಂದೇ ಲೆಕ್ಕ, ಪೇಟೆಂಟ್ ಸಿಗದು. ಅಮೆರಿಕದಲ್ಲಿ ಒಂದು ವರ್ಷದ ಸಡಿಲಿಕೆ ಉಂಟು. ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಡಿಎನ್‌ಎ ತುಂಡುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ವಿಧಾನವನ್ನು 1973ರ ನವೆಂಬರಿನಲ್ಲಿ ಪ್ರಕಟಿಸಿದರು. ಕೋಹೆನ್ ಇದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಪೇಟೆಂಟ್ ಅರ್ಜಿ ಹಾಕಿದ್ದು 1974ರ ನವೆಂಬರ್ 4ರಂದು, ವರ್ಷ ತುಂಬುವುದಕ್ಕೆ ಇನ್ನೇನು ಕೆಲವೇ ದಿನ ಇದ್ದಾಗ. ಅಮೆರಿಕದ ಹಕ್ಕು ಉಳಿಯಿತು, ಹೊರದೇಶಗಳದ್ದು ಕೈತಪ್ಪಿತು. ಆ ಪೇಟೆಂಟ್ ಮುಂದೆ ನೂರಾರು ಕಂಪನಿಗಳಿಗೆ ಲೈಸೆನ್ಸ್ ಆಗಿ 20 ಕೋಟಿ ಡಾಲರಿಗೂ ಮೀರಿದ ಆದಾಯ ತಂದಿತು ಎಂಬುದನ್ನು ನೆನೆದರೆ ಕಳೆದದ್ದು ಎಷ್ಟೆಂದು ಊಹಿಸಬಹುದು.

ಹಾಗೆಂದು ಅವಸರ ಮಾಡಿದರೂ ಕಷ್ಟ. ಮೊದಲ ಅರ್ಜಿ ಹಾಕಿದ 12 ತಿಂಗಳೊಳಗೆ ಪಿಸಿಟಿ ಎಂಬ ಅಂತರರಾಷ್ಟ್ರೀಯ ಅರ್ಜಿ ಹಾಕಬೇಕು. ಮೊದಲ ದಿನದಿಂದ 30 ತಿಂಗಳಾಗುವ ಹೊತ್ತಿಗೆ ಯಾವ ಯಾವ ದೇಶದಲ್ಲಿ ಹಕ್ಕು ಬೇಕೆಂದು ತೀರ್ಮಾನಿಸಿ, ಆಯಾ ದೇಶದ ಶುಲ್ಕ, ಅನುವಾದ, ಪೇಟೆಂಟ್ ಏಜೆಂಟರ ಸಂಭಾವನೆ ಕಟ್ಟಬೇಕು. ಖರ್ಚು ಏಕಾಏಕಿ ಏರುವುದು ಇಲ್ಲಿ, ಅನೇಕರು ಕೈಚೆಲ್ಲುವುದೂ ಇಲ್ಲೇ. ಕೈಯಲ್ಲಿ ಅರೆಬರೆ ದತ್ತಾಂಶ ಇಟ್ಟುಕೊಂಡು ಅರ್ಜಿ ಹಾಕಿದರೆ ಹಕ್ಕಿನ ವ್ಯಾಪ್ತಿಯೂ ಕಿರಿದು, ಗಡಿಯಾರವೂ ಓಡತೊಡಗಿತು. ಥೀಸಿಸ್ ಸಲ್ಲಿಸುವ ಆರು ತಿಂಗಳ ಮುಂಚೆ ವಿಶ್ವವಿದ್ಯಾಲಯದ ಪೇಟೆಂಟ್, ಲೈಸೆನ್ಸ್ ನೋಡಿಕೊಳ್ಳುವ ತಂತ್ರಜ್ಞಾನ ವರ್ಗಾವಣೆ ಕಚೇರಿಯವರ ಜೊತೆ ಕೂತು ಪ್ರಕಟಣೆಯ ದಿನ, ಅರ್ಜಿಯ ದಿನ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಇನ್ನೊಂದು ಮಾತು. ಪೇಟೆಂಟ್ ಸಿಕ್ಕಿತೆಂದರೆ ಬೇರೆಯವರನ್ನು ತಡೆಯುವ ಹಕ್ಕು ಸಿಕ್ಕಿತು ಎಂದಷ್ಟೇ ಅರ್ಥ. ನೀವು ತಯಾರಿಸಿ ಮಾರುವಾಗ ಬೇರೊಬ್ಬರ ಪೇಟೆಂಟನ್ನು ತುಳಿಯುತ್ತೀರೋ ಇಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ಹುಡುಕಿಸಬೇಕು.

ಈಗ ಪ್ರಯೋಗಾಲಯದೊಳಕ್ಕೆ ಬರೋಣ. ನನ್ನ ಪ್ರಕಾರ ಹೆಚ್ಚು ಉದ್ಯಮಗಳು ಸೋಲುವುದು ಇಲ್ಲಿ, ಅದೂ ಸದ್ದಿಲ್ಲದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನೀರಿನಲ್ಲಿ ಕೀಟನಾಶಕ ಇದೆಯೇ ಎಂದು ತೋರಿಸುವ ಕಾಗದದ ಪಟ್ಟಿ ಎಂದಿಟ್ಟುಕೊಳ್ಳಿ. ಪಟ್ಟಿಯ ಮೇಲೆ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಒಣಗಿ ಕೂತಿರುತ್ತದೆ. ಪರೀಕ್ಷಿಸಬೇಕಾದ ನೀರನ್ನು ಅದರ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಇಂಡಾಕ್ಸಿಲ್ ಅಸಿಟೇಟ್ ಸೇರಿಸುತ್ತಾರೆ. ನೀರು ಶುದ್ಧವಾಗಿದ್ದರೆ ಕಿಣ್ವ ಅದನ್ನು ಒಡೆದು ನೀಲಿ ಬಣ್ಣ ಮೂಡುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಇದ್ದರೆ ಕಿಣ್ವದ ಕೆಲಸ ನಿಲ್ಲುತ್ತದೆ, ಪಟ್ಟಿ ಬಿಳಿಯಾಗಿಯೇ ಉಳಿಯುತ್ತದೆ. ಲೇಖನಕ್ಕೆ ಇಷ್ಟು ಸಾಕು. ಸಂಶೋಧಕರು ಬೆಳಿಗ್ಗೆ ಪಟ್ಟಿ ಮಾಡಿ ಮಧ್ಯಾಹ್ನ ಅಳೆದಿರುತ್ತಾರೆ, ಚಿತ್ರ ಚೆನ್ನಾಗಿ ಬಂದಿರುತ್ತದೆ.

ಅದೇ ಪಟ್ಟಿ ನಾಲ್ಕು ತಿಂಗಳು ಸೆಕೆಯ ಗೋದಾಮಿನಲ್ಲಿ ಕೂತಿತು ಎನ್ನಿ. ತೇವಕ್ಕೆ, ಬಿಸಿಗೆ ಕಿಣ್ವ ಸತ್ತಿತು. ಸತ್ತ ಕಿಣ್ವದ ಪಟ್ಟಿಯೂ ಬಿಳಿಯಾಗಿಯೇ ಇರುತ್ತದೆ! ಅಂದರೆ ಕೆಟ್ಟ ಪಟ್ಟಿ ಒಳ್ಳೆಯ ನೀರನ್ನೂ ವಿಷ ಎನ್ನುತ್ತದೆ. ಇದಕ್ಕೆ ಮದ್ದು ಇದೆ. ಪಕ್ಕದಲ್ಲೇ ಅದೇ ಕಿಣ್ವದ ಇನ್ನೊಂದು ಚುಕ್ಕಿ ಇಟ್ಟು, ಅದಕ್ಕೆ ಶುದ್ಧವೆಂದು ಗೊತ್ತಿರುವ ನೀರನ್ನು ಹಾಕಿ ನೋಡಬೇಕು. ಅದು ನೀಲಿಯಾಗದಿದ್ದರೆ ಆ ಪಟ್ಟಿಯ ಫಲಿತಾಂಶವನ್ನೇ ಒಪ್ಪುವಂತಿಲ್ಲ. ಒಣಗಿಸುವಾಗ ಟ್ರೆಹಲೋಸ್ ಸಕ್ಕರೆ ಸೇರಿಸಿದರೆ ಕಿಣ್ವದ ಆಕಾರ ಹೆಚ್ಚು ಕಾಲ ಉಳಿಯುತ್ತದೆ. ಪ್ಲಾಸ್ಟಿಕ್ ಕವರಿನ ಬದಲು ಅಲ್ಯುಮಿನಿಯಂ ಫಾಯಿಲ್ ಪೊಟ್ಟಣ, ಒಳಗೊಂದು ಸಿಲಿಕಾ ಜೆಲ್ ಚೀಲ. ಇವುಗಳಲ್ಲಿ ಯಾವುದೂ ಹೊಸ ವಿಜ್ಞಾನ ಅಲ್ಲ. ಹೊಸತಲ್ಲ ಎಂಬ ಕಾರಣಕ್ಕೇ ಲೇಖನಗಳನ್ನು ಎಣಿಸುವ ಅನುದಾನ ಇದಕ್ಕೆ ಹಣ ಕೊಡುವುದಿಲ್ಲ.

ಬಾಳಿಕೆ ಎಷ್ಟೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕಿಲ್ಲ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಅಂದಾಜು ಬಳಕೆಯಲ್ಲಿದೆ. 25 ಡಿಗ್ರಿಯಲ್ಲಿ ಇಡಬೇಕಾದ್ದನ್ನು 45 ಡಿಗ್ರಿಯಲ್ಲಿ ಇಟ್ಟರೆ ನಾಲ್ಕು ಪಟ್ಟು ವೇಗ, ಅಂದರೆ 3 ತಿಂಗಳಲ್ಲಿ 12 ತಿಂಗಳ ಹಾಳಾಟ ಕಾಣುತ್ತದೆ. ಆತುರ ಪಟ್ಟು 60 ಡಿಗ್ರಿಗೆ ಒಯ್ಯಬೇಡಿ. ಪ್ರೋಟೀನು ಒಂದು ಮಿತಿ ದಾಟಿದರೆ ಬಿಚ್ಚಿಕೊಂಡುಬಿಡುತ್ತದೆ, ಆಗ ಈ ಲೆಕ್ಕವೇ ನಡೆಯದು. ಸಾಮಾನ್ಯ ಉಷ್ಣತೆಯಲ್ಲಿ ಇನ್ನೊಂದು ಗುಂಪು ಪಟ್ಟಿಗಳನ್ನು ಇಟ್ಟೇ ಇರಬೇಕು, ಕೊನೆಯ ಮಾತು ಅವುಗಳದ್ದೇ.

ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿದೆ, ಅದನ್ನು ಕಡ್ಡಾಯ ಮಾಡಬೇಕು. ವಿಧಾನವನ್ನು ಬರೆದು, ಈ ಕೆಲಸ ಎಂದೂ ಮಾಡದ ಇಬ್ಬರಿಗೆ ಕೊಡಿ. ಸಂಶೋಧಕರು ಆ ಕೋಣೆಯಲ್ಲಿ ಇರಕೂಡದು. ಮೂರು ಬೇರೆ ಬೇರೆ ಬ್ಯಾಚಿನ ಕಿಣ್ವ, ಎರಡು ಬ್ಯಾಚಿನ ಕಾಗದ, ಮೂರು ಬೇರೆ ದಿನ. ಫಲಿತಾಂಶ ಹೊಯ್ದಾಡಿದರೆ ಬರೆಯದೆ ಬಿಟ್ಟ ಯಾವುದೋ ಕೈಚಳಕ ಇದೆ ಎಂದೇ ಅರ್ಥ. ಪಿಪೆಟ್ ಹಿಡಿಯುವ ಓರೆ, ಒಣಗಿಸುವ ಮೊದಲು ಕಾಯುವ ನಿಮಿಷಗಳು, ಯಾವುದೂ ಆಗಿರಬಹುದು. ಪೋಸ್ಟ್‌ಡಾಕ್ ಆ ಪ್ರಯೋಗಾಲಯ ಬಿಡುವ ಮೊದಲೇ ಇದು ಸಿಕ್ಕರೆ ಪುಣ್ಯ.

ತಂತ್ರಜ್ಞಾನ ಎಷ್ಟು ಮಾಗಿದೆ ಎಂದು ಅಳೆಯಲು ನಾಸಾದವರು 1970ರ ದಶಕದಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ಈಗ ಒಂಬತ್ತು ಮೆಟ್ಟಿಲುಗಳಿವೆ. ವಿಶ್ವವಿದ್ಯಾಲಯದ ಕೆಲಸ ಸಾಮಾನ್ಯವಾಗಿ ಮೂರು, ನಾಲ್ಕರಲ್ಲಿ ನಿಲ್ಲುತ್ತದೆ. ಕೊಳ್ಳುವ ಕಂಪನಿ ಆರೋ ಏಳೋ ಆಗಿರಲಿ ಎನ್ನುತ್ತದೆ. ನಡುವಿನ ಕೆಲಸಕ್ಕೆ ಸಂಬಳ ಕೊಡುವವರಿದ್ದರೆ ಅದೇ ದೊಡ್ಡ ನೆರವು. ಯುರೋಪಿನ ಸಂಶೋಧನಾ ಮಂಡಳಿ ತನ್ನ ಅನುದಾನ ಪಡೆದವರಿಗೆಂದೇ ಒಂದೂವರೆ ಲಕ್ಷ ಯೂರೋಗಳ 'ಪ್ರೂಫ್ ಆಫ್ ಕಾನ್ಸೆಪ್ಟ್' ನೆರವು, ಅಂದರೆ ಕಲ್ಪನೆ ಕೆಲಸಕ್ಕೆ ಬರುತ್ತದೋ ಎಂದು ಪರೀಕ್ಷಿಸುವ ಹಣ, ಕೊಡುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 2014ರಲ್ಲಿ ಶುರುವಾದ ಸೈಕ್ಲೋಟ್ರಾನ್ ರೋಡ್ ಎಂಬ ಕಾರ್ಯಕ್ರಮ ಎರಡು ವರ್ಷ ಜೀವನವೇತನವನ್ನೂ ಉಪಕರಣಗಳ ಬಳಕೆಯನ್ನೂ ಒಟ್ಟಿಗೆ ಕೊಡುತ್ತದೆ. ಸಭಾಂಗಣದ ಬಹುಮಾನಕ್ಕಿಂತ ಇಂಥ ವ್ಯವಸ್ಥೆ ಮೇಲು. ಬಾಡಿಗೆ, ಮನೆಖರ್ಚಿನ ಚಿಂತೆ ಇರುವವರು ಕಿಣ್ವದ ಬಾಳಿಕೆಯನ್ನು ತಾಳ್ಮೆಯಿಂದ ಅಳೆಯಲಾರರು.

ಪಟ್ಟಿ ಒಣಗುತ್ತಿರುವಾಗಲೇ ಹೊರಗೆ ಹೋಗಿ ಮಾತಾಡಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಶುರು ಮಾಡಿದ ಐ-ಕೋರ್ ಕಾರ್ಯಕ್ರಮದಲ್ಲಿ ಒಂದು ತಂಡ ಏಳು ವಾರದಲ್ಲಿ ನೂರು ಮಂದಿಯನ್ನು ಕಂಡು ಮಾತಾಡಬೇಕು. ಸಂಖ್ಯೆಗಿಂತ ಕೇಳುವ ರೀತಿ ಮುಖ್ಯ. 'ಹೀಗೊಂದು ಪಟ್ಟಿ ಇದ್ದರೆ ಕೊಳ್ಳುತ್ತೀರಾ' ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಹೂಂ ಎನ್ನಲು ಖರ್ಚಿಲ್ಲ. ಕೇಳಬೇಕಾದ್ದು ನಡೆದುಹೋದದ್ದನ್ನು. ಕಳೆದ ಸಲ ನೀರಿನ ಮೇಲೆ ಅನುಮಾನ ಬಂದಾಗ ಏನು ಮಾಡಿದಿರಿ, ಮಾದರಿ ಎಲ್ಲಿಗೆ ಕಳಿಸಿದಿರಿ, ವರದಿ ಬರಲು ಎಷ್ಟು ದಿನ ಹಿಡಿಯಿತು, ಬಿಲ್ಲಿಗೆ ಯಾರು ಸಹಿ ಹಾಕಿದರು? ಪಟ್ಟಿ ಬಳಸುವವರು ಒಬ್ಬರು, ಆಯ್ಕೆ ಮಾಡುವವರು ಇನ್ನೊಬ್ಬರು, ದುಡ್ಡು ಕೊಡುವವರು ಮತ್ತೊಬ್ಬರು ಎಂಬುದು ಆಗ ತಿಳಿಯುತ್ತದೆ. ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಮ್ಮ ಮಾದರಿಗಳನ್ನು ಪರೀಕ್ಷೆಗೆ ಕೊಟ್ಟವರು, ಪ್ರಯೋಗಕ್ಕೆ ಒಪ್ಪಿ ಪತ್ರ ಬರೆದುಕೊಟ್ಟವರು, ಸ್ವಲ್ಪವಾದರೂ ಹಣ ಕಟ್ಟಿದವರು, ಇವರನ್ನು ಎಣಿಸಿ.

ಜನರ ನಡುವಿನ ಹಂಚಿಕೆಯ ವಿಷಯ ನಾಜೂಕು, ಅದಕ್ಕೇ ಎಲ್ಲರೂ ತಳ್ಳಿಹಾಕುತ್ತಾರೆ. ಇಬ್ಬರು ಗೆಳೆಯರು ಷೇರನ್ನು ಅರ್ಧರ್ಧ ಹಂಚಿಕೊಂಡು ಎಂಟನೇ ತಿಂಗಳಿಗೆ ಒಬ್ಬರು ಅಧ್ಯಾಪಕ ಹುದ್ದೆ ಸಿಕ್ಕಿ ಹೊರಟರೆ, ಅರ್ಧ ಕಂಪನಿ ಕೆಲಸ ಮಾಡದವರ ಕೈಯಲ್ಲಿ ಉಳಿಯುತ್ತದೆ. ಹೊಸ ಹೂಡಿಕೆದಾರರು ಅದನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಷೇರು ನಾಲ್ಕು ವರ್ಷದಲ್ಲಿ ಕಂತುಕಂತಾಗಿ ದಕ್ಕಬೇಕು, ಮೊದಲ ವರ್ಷ ಪೂರೈಸದೆ ಹೋದರೆ ಏನೂ ಇಲ್ಲ ಎಂಬುದು ರೂಢಿಯ ಕರಾರು. ಗೈಡ್ ಕಂಪನಿಗೆ ಪೂರ್ಣಾವಧಿ ಬರುವುದಿಲ್ಲವಾದರೆ ಅವರ ಪಾಲು ಸಲಹೆಗಾರರ ಮಟ್ಟದ್ದಾಗಿರಬೇಕು. ಇದನ್ನು ವಿದ್ಯಾರ್ಥಿ ಬಾಯಿಬಿಟ್ಟು ಹೇಳಲಾರ, ಶಿಫಾರಸು ಪತ್ರ ಇನ್ನೂ ಗೈಡ್ ಕೈಯಲ್ಲಿದೆ. ಹೇಳುವ ಕೆಲಸ ಮೂರನೆಯವರದು. ಕಂಪನಿಯ ಕೆಲಸಕ್ಕೆ ಬೇರೆ ನೋಟ್‌ಬುಕ್, ಉಪಕರಣ ಬಳಸಿದ ಗಂಟೆಗಳ ದಾಖಲೆ, ಕಿರಿಯ ವಿದ್ಯಾರ್ಥಿಗಳ ಥೀಸಿಸ್ ಕಂಪನಿಗಾಗಿ ತಡವಾಗದಂತೆ ಬರೆದಿಟ್ಟ ಒಪ್ಪಂದ, ಇವೂ ಅಲ್ಲೇ ಆಗಿಬಿಡಲಿ.

ಬಂಡವಾಳದ ಬಗ್ಗೆ ಎರಡೇ ಮಾತು. ಹೊಸ ಕಂಪನಿಗಳಲ್ಲಿ ಹಣ ಹೂಡುವ ವೆಂಚರ್ ನಿಧಿಗಳ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಹಣ ಬೆಳೆದು ಹಿಂದಿರುಗಬೇಕು. ನಿಮ್ಮ ವಸ್ತು ಮಾರುಕಟ್ಟೆಗೆ ಬರಲು ಹನ್ನೆರಡು ವರ್ಷ ಬೇಕಾದರೆ ಅವರು ಒಲ್ಲೆ ಎನ್ನುವುದು ನಿಮ್ಮ ವಿಜ್ಞಾನದ ಮೇಲಿನ ತೀರ್ಪಲ್ಲ.

ಎಲ್ಲ ಸಂಶೋಧನೆಗೂ ಕಂಪನಿ ಬೇಕಾಗಿಲ್ಲ ಎಂಬುದನ್ನೂ ನೆರವಾಗುವವರು ಧೈರ್ಯವಾಗಿ ಹೇಳಬೇಕು. ಈಗಾಗಲೇ ಪರೀಕ್ಷಾ ಪಟ್ಟಿ ಮಾರುತ್ತಿರುವ ಕಂಪನಿಗೆ ನಿಮ್ಮ ಕಿಣ್ವದ ಲೇಪನ ಒಂದು ಸುಧಾರಣೆ ಮಾತ್ರ ಆಗಿದ್ದರೆ ಲೈಸೆನ್ಸ್ ಕೊಡುವುದೇ ಸರಿಯಾದ ದಾರಿ. ಆಗ ಕರಾರಿನಲ್ಲಿ ನೋಡಬೇಕಾದ್ದು ರಾಯಧನದ ಶೇಕಡಾವಾರು ಮಾತ್ರವಲ್ಲ. ಯಾವ ಬಳಕೆಗೆ ಲೈಸೆನ್ಸ್ ಕೊಡುತ್ತಿದ್ದೀರಿ ಎಂದು ಕ್ಷೇತ್ರ ಹೆಸರಿಸಿ ಬರೆಯಿರಿ, ನೀರಿಗೆ ಎಂದರೆ ನೀರಿಗೆ ಮಾತ್ರ, ಆಹಾರಕ್ಕೆ ಬೇರೆಯವರು ಬಂದಾರು. ಒಬ್ಬರಿಗೇ ಪೂರ್ತಿ ಕೊಡುವುದಾದರೆ, ಇಂತಿಷ್ಟು ತಿಂಗಳೊಳಗೆ ಇಂತಿಷ್ಟು ಕೆಲಸ ಆಗದಿದ್ದರೆ ಹಕ್ಕು ಹಿಂದಕ್ಕೆ ಬರುತ್ತದೆ ಎಂಬ ಷರತ್ತು ಇರಲೇಬೇಕು. ಅದಿಲ್ಲದ ಕರಾರಿಗೆ ಸಹಿ ಬಿದ್ದರೆ ಕೊಂಡವರು ಪೇಟೆಂಟನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಬಹುದು, ನೀವು ಕೇಳುವ ಹಾಗೂ ಇರುವುದಿಲ್ಲ.