ಹಗ್ಗದಾಚೆ ನಿಂತವನು

ಸ್ನೇಹಿತರೇ, ಸಂಘಟಕರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ನಾನು ಹೇಳಬೇಕಾದ ಕುಸ್ತಿ ನಡೆದದ್ದು 42 ನಿಮಿಷ 37 ಸೆಕೆಂಡು. ಹಾಗಾಗಿ ಎಲ್ಲಾದರೂ ಹಾರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ಮಾತು: ಕಣದೊಳಗಿನವರನ್ನು ಏಕವಚನದಲ್ಲಿಯೇ ಕರೆಯುತ್ತೇನೆ. ಪೈಲ್ವಾನರಿಗೆ ಬಹುವಚನ ಹಚ್ಚಿದರೆ ಪೆಟ್ಟಿನ ಜೋರು ತಗ್ಗಿಬಿಡುತ್ತದೆ.

ದಿನ 1995ರ ಜೂನ್ 9. ಜಾಗ ಟೋಕಿಯೊದ ನಿಪ್ಪಾನ್ ಬುಡೋಕಾನ್. 1964ರ ಒಲಿಂಪಿಕ್ಸ್‌ನ ಜೂಡೊಗಾಗಿ ಕಟ್ಟಿದ ಎಂಟು ಮೂಲೆಯ ಸಭಾಂಗಣ ಅದು. ಅಂದು ಸುಮಾರು 16,000 ಜನ ಕಿಕ್ಕಿರಿದಿದ್ದರು. ಸಂಸ್ಥೆ ಆಲ್ ಜಪಾನ್ ಪ್ರೊ ರೆಸ್ಲಿಂಗ್, ಪಣಕ್ಕಿಟ್ಟದ್ದು ಅದರ ವಿಶ್ವ ಟ್ಯಾಗ್ ಪಟ್ಟ. ಪಟ್ಟ ಹೊತ್ತವರು ಹಸಿರು ಉಡುಪಿನ ಮಿತ್ಸುಹಾರು ಮಿಸಾವಾ ಮತ್ತು ಕಿತ್ತಳೆ ಚಡ್ಡಿಯ ಕೆಂಟಾ ಕೊಬಾಶಿ. ಕಿತ್ತುಕೊಳ್ಳಲು ಬಂದವರು ಕಪ್ಪು-ಹಳದಿಯ ತೋಶಿಯಾಕಿ ಕವಾಡಾ ಮತ್ತು ಕೆಂಪಿನ ಅಕಿರಾ ತಾವುಯೆ. ಬಣ್ಣಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತವೆ.

ಟ್ಯಾಗ್ ಪಂದ್ಯದ ನಿಯಮ ಸರಳ. ಇಬ್ಬರಿಗೆ ಇಬ್ಬರು ಎದುರಾಳಿಗಳು, ಆದರೆ ಕಣದೊಳಗೆ ಒಂದೊಂದು ಕಡೆಯಿಂದ ಒಬ್ಬೊಬ್ಬನೇ. ಜೊತೆಗಾರ ಹಗ್ಗದಾಚೆ, ಮೂಲೆಯ ಕಂಬದ ಪಕ್ಕದ ಅಂಚಿನಲ್ಲಿ ನಿಂತಿರಬೇಕು. ಒಳಗಿನವನು ಬಂದು ಕೈಗೆ ಕೈ ತಾಗಿಸಿದರೆ ಮಾತ್ರ ಅವನಿಗೆ ಪ್ರವೇಶ. ಎದುರಾಳಿಯ ಎರಡೂ ಭುಜ ನೆಲಕ್ಕೊತ್ತಿ, ರೆಫರಿ ಮೂರು ಎಣಿಸಿದರೆ ಗೆಲುವು. ನಿಯಮ ಇಷ್ಟೇ. ಆದರೆ ಕೈ ಚಾಚಿ ನಿಂತ ಒಬ್ಬ, ಆ ಕೈಗೆ ಎರಡು ಮಾರು ದೂರದಲ್ಲಿ ಬಿದ್ದು ತೆವಳುತ್ತಿರುವ ಇನ್ನೊಬ್ಬ: ಈ ಎರಡು ಮಾರಿನೊಳಗೆ ಎಷ್ಟು ನಾಟಕ ಹಿಡಿಸುತ್ತದೆ ಎನ್ನುವುದನ್ನು ಈ ಪಂದ್ಯದಷ್ಟು ಚೆನ್ನಾಗಿ ತೋರಿಸಿದ್ದು ನನಗೆ ಬೇರೆ ಗೊತ್ತಿಲ್ಲ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆಲ್ ಜಪಾನ್ ಕಟ್ಟಿದ್ದು 1972ರಲ್ಲಿ, ಬೇಸ್‌ಬಾಲ್ ಬಿಟ್ಟು ಕುಸ್ತಿಗೆ ಬಂದ ಆಜಾನುಬಾಹು ಜೈಂಟ್ ಬಾಬಾ. 1990ರಲ್ಲಿ ಅವನ ದೊಡ್ಡ ತಾರೆ ಟೆನ್ರ್ಯು ಸಂಸ್ಥೆ ತೊರೆದ. ಮನೆ ಖಾಲಿಯಾಯಿತು ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದಾಗ, ಟೈಗರ್ ಮಾಸ್ಕ್ ಎಂಬ ಹುಲಿ ಮುಖವಾಡ ತೊಟ್ಟು ಆಡುತ್ತಿದ್ದ ಮಿಸಾವಾ ಆ ವರ್ಷದ ಮೇ ತಿಂಗಳಲ್ಲಿ ಪಂದ್ಯದ ನಡುವೆಯೇ ಅದನ್ನು ಕಳಚಿಸಿಕೊಂಡ. ಜೂನ್ 8ರಂದು ಇದೇ ಬುಡೋಕಾನ್‌ನಲ್ಲಿ ಹಿರಿಯ ಜಂಬೋ ತ್ಸುರುಟಾನನ್ನು ಸೋಲಿಸಿದ. ಮುಖವಾಡ ಕಳಚಲು ನೆರವಾದ ಜೊತೆಗಾರ ಯಾರು? ಕವಾಡಾ. ಇಬ್ಬರೂ ಒಂದೇ ಪ್ರೌಢಶಾಲೆಯ ಕುಸ್ತಿ ತಂಡದವರು, ಮಿಸಾವಾ ಒಂದು ವರ್ಷ ಹಿರಿಯ. ಜಪಾನಿನಲ್ಲಿ ಆ ಒಂದು ವರ್ಷ ಸಣ್ಣ ಅಂತರವಲ್ಲ. ಹಿರಿಯನೆದುರು ಕಿರಿಯ ಜೀವಮಾನವಿಡೀ ಅರ್ಧ ಹೆಜ್ಜೆ ಹಿಂದೆಯೇ ನಡೆಯಬೇಕು.

1993ರಲ್ಲಿ ಕವಾಡಾ ಆ ಅರ್ಧ ಹೆಜ್ಜೆಗೆ ಬೇಸತ್ತು ಎದುರು ಬಣ ಕಟ್ಟಿದ. ಜೊತೆಗೆ ಕರೆದುಕೊಂಡದ್ದು ಅಲ್ಲಿಯವರೆಗೂ ತಾನು ಬಡಿದಾಡುತ್ತಿದ್ದ ತಾವುಯೆಯನ್ನು! ಸುಮೊ ಅಖಾಡದಿಂದ ಬಂದ ಈ ಉದ್ದನೆಯ ಮನುಷ್ಯನ ಮೊದಲ ವರ್ಷಗಳು ಏನೇನೂ ಸಾಲದಾಗಿದ್ದವು. ಆದರೆ ಗಂಟಲಿಗೆ ಕೈಹಾಕಿ ಎತ್ತಿ ಒಗೆಯುವ ಅವನ ನೋದೋವಾ ಪಟ್ಟಿಗೆ ಸಿಕ್ಕವರು ನಗುವುದನ್ನು ಬೇಗ ನಿಲ್ಲಿಸಿದರು. ಮಿಸಾವಾನ ಪಕ್ಕ ಖಾಲಿಯಾದ ಜಾಗಕ್ಕೆ ಕಿರಿಯ ಕೊಬಾಶಿ ಬಂದ. ಅವನದು ಕಾರ್ಖಾನೆಯ ಕೆಲಸ ಬಿಟ್ಟು ಬಂದು, ಮೊದಲ ದಿನಗಳಲ್ಲಿ ಸಾಲುಸಾಲಾಗಿ ಸೋತು, ಸೋಲುತ್ತಲೇ ಜನರ ಪ್ರೀತಿ ಗಳಿಸಿದ ಜೀವ.

ಈ ನಾಲ್ವರ ನಡುವೆ ಒಂದು ಸಾಲದ ಲೆಕ್ಕ ಓಡುತ್ತಿತ್ತು. 1993ರ ಡಿಸೆಂಬರ್ 3ರ ಟ್ಯಾಗ್ ಲೀಗ್ ಅಂತಿಮದಲ್ಲಿ ಕವಾಡಾನ ಮಂಡಿ ಕೈಕೊಟ್ಟಿತ್ತು. ಕುಂಟುತ್ತಲೇ ಕಾದಾಡಿದ ಅವನನ್ನು ಕೊನೆಗೆ ಮಣಿಸಿದ್ದು ಕೊಬಾಶಿ. 1994ರ ಜೂನ್ 3ರಂದು ಕವಾಡಾ ಮಿಸಾವಾನಿಗೆ ಒಂಟಿಯಾಗಿ ಎದುರಾದ. ಕುತ್ತಿಗೆಯ ಮೇಲೆಯೇ ಬೀಳಿಸಿಕೊಂಡು ಸೋತ. ಅವರಿಬ್ಬರ ನಡುವೆ ಒಂದೇ ಕಥೆ: ಕವಾಡಾ ಒದೆಯುತ್ತಾನೆ, ಮಿಸಾವಾ ತಡೆದುಕೊಳ್ಳುತ್ತಾನೆ, ಕೊನೆಗೆ ಮೊಣಕೈಯಿಂದ ಒಂದು ಬಾರಿಸುತ್ತಾನೆ, ಮುಗಿಯಿತು. ಮಿಸಾವಾನ ಭುಜಗಳನ್ನು ಮೂರು ಎಣಿಕೆಯಷ್ಟು ಹೊತ್ತು ನೆಲಕ್ಕೊತ್ತಿ ಹಿಡಿಯಲು ಕವಾಡಾನಿಗೆ ಒಮ್ಮೆಯೂ ಆಗಿರಲಿಲ್ಲ.

ಈಗ ಜೂನ್ 9ಕ್ಕೆ ಬರೋಣ. ಕೊಬಾಶಿ ಕಣಕ್ಕೆ ಬರುವಾಗಲೇ ಅವನ ಎಡಗಾಲಿಗೆ ದಪ್ಪನೆಯ ಬಿಳಿ ಪಟ್ಟಿ. ಅದು ವೇಷವಲ್ಲ, ನಿಜವಾದ ಗಾಯ. ಮಿಸಾವಾನದು ಹೊರಗೆ ಕಾಣದ ಗಾಯ: ಏಪ್ರಿಲ್‌ನ ಚಾಂಪಿಯನ್ ಕಾರ್ನಿವಲ್ ಪಂದ್ಯಾವಳಿಯಲ್ಲಿ ಕಣ್ಣಿನ ಗೂಡಿನ ಮೂಳೆ ಬಿರಿದಿತ್ತು. ಒದ್ದವನು ಕವಾಡಾನೇ. ಆ ಮುಖ ಹೊತ್ತುಕೊಂಡೇ ಮಿಸಾವಾ ಅಂತಿಮದಲ್ಲಿ ತಾವುಯೆಯನ್ನು ಸೋಲಿಸಿ ಪಂದ್ಯಾವಳಿ ಗೆದ್ದಿದ್ದ. ಅಂದರೆ ಎದುರಾಳಿಗಳಿಗೆ ಹುಡುಕುವ ಕೆಲಸವೇ ಇಲ್ಲ. ಒಬ್ಬನ ಕಾಲು, ಇನ್ನೊಬ್ಬನ ಕಣ್ಣು.

ಇಲ್ಲಿ ನಿಮ್ಮಲ್ಲಿ ಕೆಲವರು ಮುಗುಳ್ನಗುತ್ತಿದ್ದೀರಿ. ಇದೆಲ್ಲ ಮೊದಲೇ ತೀರ್ಮಾನವಾದ ಆಟವಲ್ಲವೇ ಎಂದು. ಹೌದು, ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಗದಾಯುದ್ಧದ ಪ್ರಸಂಗಕ್ಕೆ ರಾತ್ರಿಯಿಡೀ ಕೂರುವ ನಮಗೆ, ಬೆಳಗಿನ ಜಾವ ಕೌರವನ ತೊಡೆ ಮುರಿಯುತ್ತದೆ ಎಂದು ಗೊತ್ತಿರಲಿಲ್ಲವೇ? ಮುರಿಯುವ ಮುಂಚಿನ ಹೊತ್ತು ಹೇಗೆ ಕಳೆಯುತ್ತದೆ ಎಂದು ನೋಡಲು ನಾವು ಕೂತಿರುತ್ತೇವೆ. ಇಲ್ಲಿ ಒಂದೇ ವ್ಯತ್ಯಾಸ, ತೊಡೆ ನಿಜವಾಗಿಯೂ ನೋಯುತ್ತಿರುತ್ತದೆ. ಬಾಬಾ 1990ರ ನಂತರ ತನ್ನ ಕಣದಲ್ಲಿ ಹೊರಗೋಡಿ ತಪ್ಪಿಸಿಕೊಳ್ಳುವ, ಅನರ್ಹಗೊಂಡು ಮುಗಿಸುವ ಗೋಜಲುಗಳನ್ನು ದೊಡ್ಡ ಪಂದ್ಯಗಳಿಂದ ಹೊರಗಿಟ್ಟ. ಯಾರೋ ಒಬ್ಬ ನೆಲಕ್ಕೊತ್ತಿಸಿಕೊಂಡು ಸೋಲಲೇಬೇಕು. ಆದ್ದರಿಂದಲೇ ಸೋಲಿಗೆ ಅಷ್ಟು ಬೆಲೆ ಬಂತು.

ಪಂದ್ಯ ಉದ್ದವಾದಂತೆ ಆ ಎಡಗಾಲು ಕವಾಡಾನ ಬೂಟಿಗೆ ಮನೆಯಾಗುತ್ತದೆ. ಒಂದೂವರೆ ವರ್ಷದ ಹಿಂದೆ ಕುಂಟಿದವನು ಈಗ ಕುಂಟಿಸುವವನು. ಅವನ ಮುಖದಲ್ಲಿ ದ್ವೇಷವೂ ಕಾಣುವುದಿಲ್ಲ, ಕಾಣುವುದು ಕೆಲಸಗಾರನ ಗಮನ, ಗೋಡೆಯಲ್ಲಿ ಸಡಿಲವಾದ ಇಟ್ಟಿಗೆ ಸಿಕ್ಕವನ ಹಾಗೆ. ಕೊಬಾಶಿ ಅದೇ ಕಾಲಿನಲ್ಲಿ ಕಂಬ ಹತ್ತಿ ಹಿಂದಕ್ಕೆ ಲಾಗ ಹಾಕುತ್ತಾನೆ. ಎದುರಾಳಿಗೆ ಬಿದ್ದಷ್ಟೇ ಪೆಟ್ಟು ಅವನ ಮಂಡಿಗೂ ಬೀಳುತ್ತದೆ. ಹೀಗೆ ಒಬ್ಬ ಕುಸಿದರೆ ಹಗ್ಗದಾಚೆಯ ಮೂಲೆ ಬರಿದಾಗುತ್ತದೆ. ಮಿಸಾವಾ ಎಷ್ಟು ತೆವಳಿದರೂ ತಾಗಿಸಲು ಅಲ್ಲಿ ಕೈ ಇಲ್ಲ. ಅಲ್ಲಿಯವರೆಗೆ ತನ್ನಿಂದ ಆಗದ ಕೆಲಸಕ್ಕೆ ಕವಾಡಾ ಕಂಡುಕೊಂಡ ದಾರಿ ಇದು: ಮಿಸಾವಾನನ್ನು ಸೋಲಿಸಬೇಕಾದರೆ ಮೊದಲು ಕೊಬಾಶಿಯ ಕಾಲು ತೆಗೆಯಬೇಕು.

ಕೊನೆಯ ನಿಮಿಷಗಳಿಗೆ ಬಂದಾಗ ಮಿಸಾವಾ ಬೆನ್ನ ಮೇಲೆ ಬಿದ್ದಿದ್ದಾನೆ. ಕವಾಡಾ, ತಾವುಯೆ ಇಬ್ಬರೂ ಮೇಲೆರಗಲು ಸಿದ್ಧರು. ಆಗ ನಿಲ್ಲಲೂ ಆಗದ ಕೊಬಾಶಿ ಕಾಲೆಳೆದುಕೊಂಡು ಬಂದು ಮಿಸಾವಾನ ಮೈಮೇಲೆ ಮಲಗಿಬಿಡುತ್ತಾನೆ. ಹೊಡೆಯುವ ಶಕ್ತಿ ಅವನಲ್ಲಿಲ್ಲ. ಮೈಯೊಂದು ಉಳಿದಿದೆ, ಅದನ್ನೇ ಹೊದಿಕೆ ಮಾಡಿದ್ದಾನೆ. ಮಳೆಗೆ ಕೋಳಿ ಮರಿಗಳ ಮೇಲೆ ಕೂರುವುದನ್ನು ನೋಡಿದ್ದೀರಲ್ಲ, ಹಾಗೆ. ಇಲ್ಲಿ ಕಿರಿಯನು ಹಿರಿಯನ ಮೇಲೆ. ಅವರು ಅವನನ್ನು ಒದೆಯುತ್ತಾರೆ, ಎಳೆದು ಬಿಸಾಡುತ್ತಾರೆ. ಮಿಸಾವಾ ಆಮೇಲೂ ಭುಜ ಎತ್ತುತ್ತಾನೆ. ಪ್ರತಿ ಸಲ ಬುಡೋಕಾನ್ ನೆಲವನ್ನು ಕಾಲಿನಿಂದ ಗುದ್ದುತ್ತದೆ. ಕಡೆಗೆ ಕವಾಡಾ ಅವನನ್ನು ತಲೆಕೆಳಗಾಗಿ ಎತ್ತಿ ಬೆನ್ನ ಮೇಲೆ ಒಗೆದು, ಮಡಚಿ ಹಿಡಿಯುತ್ತಾನೆ. ಪವರ್‌ಬಾಂಬ್. ಒಂದು, ಎರಡು, ಮೂರು.

ಮಿಸಾವಾನ ಕೈಯಿಂದ ಟ್ರಿಪಲ್ ಕ್ರೌನ್ ಎಂಬ, ಒಬ್ಬರಿಗೊಬ್ಬರು ಆಡುವ ಪಂದ್ಯಗಳ ಅತಿ ದೊಡ್ಡ ಪಟ್ಟವನ್ನು ಒಂಟಿಯಾಗಿ ಕಿತ್ತುಕೊಳ್ಳಲು ಕವಾಡಾ 1998ರ ಮೇ 1ರವರೆಗೆ ಕಾಯಬೇಕಾಯಿತು. ಅಂದು ಟೋಕಿಯೊ ಡೋಮ್, ಜನವೂ ಬಹಳ ಹೆಚ್ಚು. ಆದರೂ ಅಭಿಮಾನಿಗಳು ಮತ್ತೆ ಮತ್ತೆ ಹಿಂದಿರುಗುವುದು ಈ ಜೋಡಿ ಕಾಳಗಕ್ಕೆ. ನನಗೆ ಅದು ಸರಿಯೆನಿಸುತ್ತದೆ.

ಇದರ ಬೆಲೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೊಬಾಶಿಯ ಮಂಡಿಗಳು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಕಂಡವು. ಮಿಸಾವಾ 2000ದಲ್ಲಿ ನೋವಾ ಎಂಬ ಸ್ವಂತ ಸಂಸ್ಥೆ ಕಟ್ಟಿ, ಕುತ್ತಿಗೆ ಸವೆದ ಮೇಲೂ ಅದರ ಭಾರ ಹೊತ್ತು ಕಣಕ್ಕಿಳಿಯುತ್ತಲೇ ಹೋದ. 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಎದುರಾಳಿ ಹಿಂದಕ್ಕೆ ಎತ್ತಿ ಹಾಕಿದ ಮೇಲೆ ಏಳಲಿಲ್ಲ. ಆಗ ಅವನಿಗೆ 46 ವರ್ಷ. ಅದೂ ಟ್ಯಾಗ್ ಪಂದ್ಯವೇ. ಅಂಥ ಸಾವನ್ನು ತಿಳಿದ ಮೇಲೆ 1995ರ ಪಂದ್ಯವನ್ನು ಮೊದಲಿನಷ್ಟು ನಿರಾಳವಾಗಿ ನೋಡಲು ನನ್ನಿಂದ ಆಗಿಲ್ಲ. ನೋಡುವುದನ್ನು ಬಿಡಲೂ ಆಗಿಲ್ಲ.

ಕೊನೆಯ ಐದು ನಿಮಿಷದ ದೃಶ್ಯವನ್ನು ಪರದೆಯ ಮೇಲೆ ಹಾಕುತ್ತೇನೆ. ಹಿಂದಿನ ಸಾಲಿನವರು ದಯವಿಟ್ಟು ದೀಪ ಆರಿಸಿ. ಎಲ್ಲರ ಕಣ್ಣೂ ಹಸಿರಿನ ಮೇಲೆ, ಕಪ್ಪು-ಹಳದಿಯ ಮೇಲೆ ಇರುತ್ತದೆ. ನೀವು ಕಿತ್ತಳೆ ಬಣ್ಣ ಎಲ್ಲಿದೆ ಎಂದು ಹುಡುಕುತ್ತಿರಿ.